ಎರಡಕ್ಷರದ ಋಣ

ವಿಜ್ಞಾನದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಪಂಡಿತರ ಹೆಸರು ಹಿಡಿದು ಹೊರಡುತ್ತಾರೆ. ನ್ಯೂಟನ್ನನ ನಿಯಮ, ಮೆಂಡೆಲನ ಬಟಾಣಿ, ರಾಮನ್ ಪರಿಣಾಮ, ಹೀಗೆ. ರೋಗಿಯ ಹೆಸರು ಹಿಡಿದು ಹೊರಡುವ ಚರಿತ್ರೆ ಅಪರೂಪ. ರೋಗಿ ಮಂಚದ ಮೇಲೆ ಮಲಗಿರುವವನು. ಪುಸ್ತಕದಲ್ಲಿ ಅವನಿಗೆ ಸಿಕ್ಕುವ ಸ್ಥಾನ ಒಂದು ಸಂಖ್ಯೆ ಮಾತ್ರ. ಆದರೆ ನಾನು ಈ ವಾರ ಹೇಳಹೊರಟಿರುವ ಕಥೆಯಲ್ಲಿ ರೋಗಿಯೊಬ್ಬಳ ಮನೆತನದ ಹೆಸರಿನ ಮೊದಲೆರಡು ಅಕ್ಷರಗಳು ಹೇಗೋ ಉಳಿದುಕೊಂಡಿವೆ. 'ಎಸ್' ಮತ್ತು 'ಎಂ' ಎಂಬ ಆ ಎರಡು ಇಂಗ್ಲಿಷ್ ಅಕ್ಷರಗಳು ಇಂದು ಜೀವವಿಜ್ಞಾನದ ಎಲ್ಲ ದೊಡ್ಡ ಪುಸ್ತಕಗಳಲ್ಲಿಯೂ ಇವೆ. ಅವನ್ನು ದಿನವೂ ಬರೆಯುವ ವಿದ್ಯಾರ್ಥಿಗಳಲ್ಲಿ ಅವು ಎಲ್ಲಿಂದ ಬಂದುವೆಂದು ಬಲ್ಲವರು ಕೆಲವರೇ. ಆ ಅಕ್ಷರಗಳ ಬೆನ್ನು ಹಿಡಿದು ಹೋದರೆ ನಮ್ಮ ಮೈಯೊಳಗಿನ ಒಂದು ವಿಚಿತ್ರವಾದ ಸಂಪಾದನಾ ಕಚೇರಿಯೂ, ಅದು ಕೆಟ್ಟಾಗ ಬರುವ ಹಲವು ರೋಗಗಳೂ, ಆ ರೋಗಗಳಲ್ಲಿ ಒಂದಕ್ಕೆ ಸಿಕ್ಕಿದ ಮದ್ದೂ ಕಣ್ಣಿಗೆ ಬೀಳುತ್ತವೆ.

ಮೊದಲು ರೋಗದಿಂದ ಆರಂಭಿಸೋಣ. ಲ್ಯಾಟಿನ್ ಭಾಷೆಯಲ್ಲಿ 'ಲೂಪಸ್' ಎಂದರೆ ತೋಳ. ಮುಖದ ಚರ್ಮವನ್ನು ತಿಂದುಹಾಕುವ ಹುಣ್ಣುಗಳನ್ನು ಕಂಡ ಯೂರೋಪಿನ ಹಳೆಯ ವೈದ್ಯರು, ತೋಳ ಕಚ್ಚಿದಂತಿದೆ ಎಂದು ಆ ಹೆಸರನ್ನಿಟ್ಟರು. ಅದು ಚರ್ಮದ ಬೇನೆ ಮಾತ್ರವಲ್ಲ, ಒಳಗಿನ ಅಂಗಗಳನ್ನೂ ಹಿಡಿದು ಪ್ರಾಣಕ್ಕೆ ಎರವಾಗಬಲ್ಲುದು ಎಂಬುದನ್ನು 1872ರಲ್ಲಿ ವಿಯೆನ್ನದ ಮೊರಿಟ್ಜ್ ಕಪೋಸಿ ವಿವರಿಸಿದ. ಈ ಬೇನೆಗೆ ತುತ್ತಾಗುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು, ಬಹುಮಟ್ಟಿಗೆ ಹರೆಯದವರು. ಮುಖದ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತಂತೆ ಕೆಂಪು ಗುರುತು, ಕೀಲುಗಳಲ್ಲಿ ನೋವು, ಬಿಟ್ಟು ಬಿಟ್ಟು ಜ್ವರ; ಕೆಲವರಲ್ಲಿ ಮೂತ್ರಪಿಂಡವೇ ಸೋಲುತ್ತದೆ.

ಇದಕ್ಕೆ ಕಾರಣವಾದ ಕ್ರಿಮಿ ಯಾವುದೆಂದು ಹುಡುಕಿದವರಿಗೆ ಕ್ರಿಮಿ ಸಿಕ್ಕಲಿಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಮಾಲ್ಕಮ್ ಹಾರ್ಗ್ರೇವ್ಸ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದಲ್ಲಿ ಒಂದು ಬೆರಗಿನ ನೋಟವನ್ನು ಕಂಡರು. ರೋಗಿಯ ಬಿಳಿ ರಕ್ತಕಣವು ಅದೇ ರೋಗಿಯ ಇನ್ನೊಂದು ಕಣದ ಕೋಶಕೇಂದ್ರವನ್ನು ನುಂಗಿ ಕುಳಿತಿತ್ತು! ಹತ್ತು ವರ್ಷ ಕಳೆಯುವುದರೊಳಗೆ ವಿಷಯ ಸ್ಪಷ್ಟವಾಯಿತು. ಹೊರಗಿನ ಶತ್ರುವನ್ನು ಹಿಡಿಯಲೆಂದು ನಮ್ಮ ರಕ್ತವು ತಯಾರಿಸುವ ಪ್ರತಿಕಾಯಗಳೆಂಬ ಕಾವಲುಗಾರರು, ಈ ರೋಗದಲ್ಲಿ ತಮ್ಮ ಮನೆಯ ಸಾಮಾನುಗಳ ಮೇಲೆಯೇ ಬೀಳುತ್ತಾರೆ. ಅದರಲ್ಲಿಯೂ ಜೀವಕೋಶದ ಗರ್ಭಗುಡಿಯಂತಿರುವ ಕೋಶಕೇಂದ್ರದ ವಸ್ತುಗಳೆಂದರೆ ಅವರಿಗೆ ಹೆಚ್ಚಿನ ದ್ವೇಷ. ಬೇಲಿಯೇ ಎದ್ದು ಹೊಲ ಮೇಯ್ದಿತು ಎಂಬ ನಮ್ಮ ಗಾದೆ ಈ ರೋಗಕ್ಕೆಂದೇ ಹುಟ್ಟಿದಂತಿದೆ.

1966ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಎಂಗ್ ಟಾನ್ ಮತ್ತು ಹೆನ್ರಿ ಕಂಕೆಲ್ ಎಂಬ ಇಬ್ಬರು, ಇಂಥ ರೋಗಿಗಳ ಸೀರಂ ತೆಗೆದುಕೊಂಡು ಪರೀಕ್ಷಿಸುತ್ತಿದ್ದರು. ಸೀರಂ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ಹಳದಿ ದ್ರವ. ಪ್ರತಿಕಾಯಗಳಿರುವುದು ಅದರಲ್ಲಿಯೇ. ಒಬ್ಬ ಯುವತಿಯ ಸೀರಂನಲ್ಲಿದ್ದ ಪ್ರತಿಕಾಯಗಳು ಕೋಶಕೇಂದ್ರದ ಯಾವುದೋ ವಸ್ತುವನ್ನು ಹಿಡಿದವು. ಆ ವಸ್ತು ಡಿ.ಎನ್.ಎ. ಆಗಿರಲಿಲ್ಲ, ಆವರೆಗೆ ಹೆಸರಿಟ್ಟಿದ್ದ ಬೇರೆ ಯಾವುದೂ ಆಗಿರಲಿಲ್ಲ. ಏನೆಂದು ತಿಳಿಯದ್ದಕ್ಕೂ ಒಂದು ಹೆಸರು ಬೇಕಷ್ಟೆ? ಸೀರಂ ಕೊಟ್ಟವಳ ಹೆಸರಿನಿಂದ ಎರಡಕ್ಷರ ತೆಗೆದು ಅದನ್ನು 'ಎಸ್‌ಎಂ' ಎಂದು ಕರೆದರು. ಲೂಪಸ್ ಇರುವವರಲ್ಲಿ ಸ್ವಲ್ಪ ಭಾಗದ ಜನರಲ್ಲಿ ಮಾತ್ರ ಈ ಪ್ರತಿಕಾಯ ಸಿಕ್ಕುತ್ತದೆ. ಆದರೆ ಸಿಕ್ಕಿತೆಂದರೆ ರೋಗ ಲೂಪಸ್ಸೇ ಎಂದು ಹೆಚ್ಚುಕಡಮೆ ಖಚಿತ. 1982ರಲ್ಲಿ ಅಮೆರಿಕದ ವೈದ್ಯರು ರೋಗನಿರ್ಣಯಕ್ಕೆ ಹಾಕಿಕೊಂಡ ಲಕ್ಷಣಗಳ ಪಟ್ಟಿಯಲ್ಲಿ ಅದೂ ಸೇರಿತು. ರೋಗ ಗುರುತಿಸುವ ಮಟ್ಟಿಗೆ ಉಪಯೋಗ ಬಂತು, ಸರಿ. ಆದರೆ ಆ ವಸ್ತು ಯಾವುದು? ಕೋಶದೊಳಗೆ ಅದಕ್ಕೇನು ಕೆಲಸ? ಈ ಪ್ರಶ್ನೆಗೆ ಹದಿಮೂರು ವರ್ಷ ಉತ್ತರವಿರಲಿಲ್ಲ.

ಈಗ ಎರಡನೆಯ ಎಳೆಯನ್ನು ಹಿಡಿಯೋಣ. ಅದೇ ಕಾಲದಲ್ಲಿ, ಟೆಕ್ಸಾಸಿನ ಹ್ಯೂಸ್ಟನ್ ನಗರದ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಹ್ಯಾರಿಸ್ ಬುಷ್ ಎಂಬವರ ಬಳಗವು ಇಲಿಯ ಗೆಡ್ಡೆಯ ಕೋಶಗಳನ್ನು ಅರೆದು ಅವುಗಳ ಕೇಂದ್ರದಲ್ಲಿರುವ ಆರ್.ಎನ್.ಎ. ಎಂಬ ಆಮ್ಲವನ್ನು ಬೇರ್ಪಡಿಸುತ್ತಿತ್ತು. ದೊಡ್ಡ ಆರ್.ಎನ್.ಎ.ಗಳ ನಡುವೆ ತೀರ ಗಿಡ್ಡವಾದ ಕೆಲವು ಸಿಕ್ಕಿದವು. ಯುರಿಡಿನ್ ಎಂಬ ಘಟಕ ಅವುಗಳಲ್ಲಿ ಹೆಚ್ಚಾಗಿದ್ದುದರಿಂದ ಯು-1, ಯು-2 ಎಂದು ಹೆಸರಿಟ್ಟರು. 1974ರಲ್ಲಿ ರೆಡ್ಡಿ ಮತ್ತು ಸಂಗಡಿಗರು ಯು-1ರ ಅಕ್ಷರಮಾಲೆಯನ್ನು ಪೂರ್ತಿಯಾಗಿ ಓದಿ ಪ್ರಕಟಿಸಿದರು. ಓದಿದ್ದಾಯಿತು, ಅರ್ಥ ಮಾತ್ರ ಆಗಲಿಲ್ಲ. ಶಾಸನವೊಂದರ ಅಕ್ಷರಗಳೆಲ್ಲ ಕೂಡಿಬಂದು, ಯಾವ ಅರಸನದು, ಯಾವ ದಾನದ್ದು ಎಂಬುದು ಗೊತ್ತಾಗದೆ ಉಳಿದಂತೆ.

ಮೂರನೆಯ ಎಳೆ 1977ರದು. ಅದುವರೆಗೆ ವಿಜ್ಞಾನಿಗಳ ತಿಳಿವಳಿಕೆ ಸರಳವಾಗಿತ್ತು. ಡಿ.ಎನ್.ಎ.ಯಲ್ಲಿ ಜೀನು ಎಂಬ ಬರಹವಿದೆ. ಅದರ ಪ್ರತಿಯನ್ನು ಆರ್.ಎನ್.ಎ.ಯಲ್ಲಿ ತೆಗೆಯಲಾಗುತ್ತದೆ. ಆ ಪ್ರತಿಯು ಓಲೆಕಾರನಂತೆ ಕೋಶಕೇಂದ್ರದಿಂದ ಹೊರಗೆ ಹೋಗಿ ಪ್ರೋಟೀನು ತಯಾರಿಸುವವರಿಗೆ ಅಪ್ಪಣೆ ಮುಟ್ಟಿಸುತ್ತದೆ. ಮೂಲದಲ್ಲಿ ಇದ್ದುದೇ ಓಲೆಯಲ್ಲಿ ಇರುತ್ತದೆ, ಇದ್ದ ಕ್ರಮದಲ್ಲಿಯೇ ಇರುತ್ತದೆ. ಬ್ಯಾಕ್ಟೀರಿಯಗಳ ಮಟ್ಟಿಗೆ ಈ ಮಾತು ನಿಜವಾಗಿತ್ತು. ಆದರೆ ನೆಗಡಿ ತರುವ ಅಡೆನೋವೈರಸ್ಸಿನ ಮೇಲೆ ಕೆಲಸ ಮಾಡುತ್ತಿದ್ದ ಎರಡು ಬಳಗಗಳು ಅದನ್ನು ತಲೆಕೆಳಗು ಮಾಡಿದವು. ಮಸಾಚುಸೆಟ್ಸಿನ ತಂತ್ರಜ್ಞಾನ ಸಂಸ್ಥೆಯಲ್ಲಿ ಫಿಲಿಪ್ ಷಾರ್ಪ್, ಸೂಸನ್ ಬರ್ಗೆಟ್ ಮತ್ತು ಕ್ಲೇರ್ ಮೂರ್. ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ರಿಚರ್ಡ್ ರಾಬರ್ಟ್ಸ್, ಲೂಯಿಸ್ ಚೌ, ಥಾಮಸ್ ಬ್ರೋಕರ್ ಮತ್ತು ರಿಚರ್ಡ್ ಜೆಲಿನಾಸ್. ಇವರು ಓಲೆಯ ಆರ್.ಎನ್.ಎ.ಯನ್ನು ಮೂಲದ ಡಿ.ಎನ್.ಎ.ಗೆ ಹೊಂದಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಅಲ್ಲಲ್ಲಿ ಡಿ.ಎನ್.ಎ. ಕುಣಿಕೆ ಕುಣಿಕೆಯಾಗಿ ಹೊರಗೆ ಚಾಚಿಕೊಂಡಿತ್ತು. ಎಂದರೆ, ಮೂಲದಲ್ಲಿರುವ ಆ ಭಾಗಗಳು ಓಲೆಯಲ್ಲಿ ಇರಲೇ ಇಲ್ಲ! ಜೀನು ಅಖಂಡವಲ್ಲ, ತುಂಡುತುಂಡು. ನಡುವಣ ಭಾಗಗಳನ್ನು ಯಾರೋ ಕತ್ತರಿಸಿ ತೆಗೆದು ಉಳಿದುದನ್ನು ಬೆಸೆಯುತ್ತಾರೆ. ಈ ಕತ್ತರಿ-ಬೆಸುಗೆಯ ಕೆಲಸಕ್ಕೆ ಸ್ಪ್ಲೈಸಿಂಗ್ ಎಂಬ ಹೆಸರು ಬಂತು. ಉಳಿಯುವ ತುಂಡುಗಳಿಗೆ 'ಎಕ್ಸಾನ್' ಎಂದೂ ಕಳೆಯುವ ತುಂಡುಗಳಿಗೆ 'ಇಂಟ್ರಾನ್' ಎಂದೂ ವಾಲ್ಟರ್ ಗಿಲ್ಬರ್ಟ್ 1978ರಲ್ಲಿ ಹೆಸರಿಟ್ಟ. ಷಾರ್ಪ್ ಮತ್ತು ರಾಬರ್ಟ್ಸರಿಗೆ 1993ರಲ್ಲಿ ನೊಬೆಲ್ ಬಹುಮಾನ ಬಂತು.

ಹಳಗನ್ನಡ ಕಾವ್ಯಗಳ ಪಾಠಪರಿಷ್ಕರಣೆಯಲ್ಲಿ ಕೂದಲು ನರೆಸಿಕೊಂಡ ಮಿತ್ರರೊಬ್ಬರಿಗೆ ನಾನು ಒಮ್ಮೆ ಇದನ್ನು ವಿವರಿಸುತ್ತಿದ್ದೆ. ಅವರು ನಕ್ಕು, "ಇದರಲ್ಲಿ ಹೊಸದೇನು ಬಂತು ಸ್ವಾಮಿ? ಓಲೆಗರಿಯ ತುಂಬ ಪ್ರಕ್ಷಿಪ್ತ. ಪ್ರಕ್ಷಿಪ್ತ ತೆಗೆದುಹಾಕದೆ ಕವಿಯ ಕಾವ್ಯ ಸಿಕ್ಕುವುದೆಂತು? ನಾವು ಮಾಡುವುದೂ ಅದೇ ಕೆಲಸ ತಾನೆ?" ಎಂದರು. ಹೋಲಿಕೆ ನನಗೆ ಹಿಡಿಸಿತು. "ಆದರೆ ನೀವು ಪ್ರಕ್ಷಿಪ್ತವನ್ನು ಗುರುತಿಸುವುದು ಯಾವುದರಿಂದ?" ಎಂದು ಕೇಳಿದೆ. "ಛಂದಸ್ಸು ತಪ್ಪುತ್ತದೆ, ಭಾಷೆ ಬದಲಾಗುತ್ತದೆ, ಹತ್ತು ಪ್ರತಿ ಹೋಲಿಸಿದರೆ ಒಂದರಲ್ಲಿ ಇರುವುದಿಲ್ಲ. ಕಣ್ಣು ಪಳಗಿರಬೇಕು" ಎಂದರು. ಜೀವಕೋಶಕ್ಕೆ ಇರುವ ತೊಡಕೂ ಇದೇ. ಅದರ ಮುಂದೆ ಹತ್ತು ಪ್ರತಿಗಳಿಲ್ಲ; ಇರುವುದು ಒಂದೇ ಓಲೆ, ನಾಲ್ಕೇ ಅಕ್ಷರಗಳ ಲಿಪಿ. ಅಂಥ ಬರಹದಲ್ಲಿ ಸಾವಿರಾರು ಅಕ್ಷರಗಳ ನಡುವೆ ಸರಿಯಾದ ಜಾಗವನ್ನು ಒಂದಕ್ಷರವೂ ತಪ್ಪದಂತೆ ಕತ್ತರಿಸಬೇಕು. ಒಂದಕ್ಷರ ಆಚೀಚೆಯಾದರೆ ಮುಂದಿನ ಬರಹವೆಲ್ಲ ಅಪಾರ್ಥ. ಆ ಪಳಗಿದ ಕಣ್ಣು ಯಾರದು?

ಈ ಮೂರು ಎಳೆಗಳನ್ನು ಒಂದಾಗಿ ಹೊಸೆದವರು ಯೇಲ್ ವಿಶ್ವವಿದ್ಯಾಲಯದ ಜೋನ್ ಸ್ಟೈಟ್ಜ್ ಎಂಬ ವಿಜ್ಞಾನಿ ಮತ್ತು ಅವರ ಶಿಷ್ಯ ಮೈಕಲ್ ಲರ್ನರ್. ಸ್ಟೈಟ್ಜ್ ಹಾರ್ವರ್ಡಿನಲ್ಲಿ ಜೇಮ್ಸ್ ವಾಟ್ಸನ್ನನ ಹತ್ತಿರ ಡಾಕ್ಟರೇಟಿಗೆ ಸೇರಿದ ಮೊದಲ ಮಹಿಳೆ. ಬ್ಯಾಕ್ಟೀರಿಯದಲ್ಲಿ ಒಂದು ಆರ್.ಎನ್.ಎ. ಇನ್ನೊಂದು ಆರ್.ಎನ್.ಎ.ಯ ಅಕ್ಷರಗಳಿಗೆ ತನ್ನ ಅಕ್ಷರಗಳನ್ನು ಜೋಡಿಸಿ, ಓದಲು ಆರಂಭಿಸಬೇಕಾದ ಜಾಗವನ್ನು ಗುರುತಿಸುತ್ತದೆ ಎಂಬುದಕ್ಕೆ 1975ರಲ್ಲಿಯೇ ಅವರು ಬಲವಾದ ಪುರಾವೆ ಕೊಟ್ಟಿದ್ದರು. ಆದಕಾರಣ ಇಂಥ ಜೋಡಣೆಯನ್ನು ಕಂಡರೆ ಗುರುತು ಹಿಡಿಯಲು ಅವರ ಮನಸ್ಸು ಸಿದ್ಧವಾಗಿತ್ತು. ಲರ್ನರ್ ವೈದ್ಯಶಾಸ್ತ್ರ ಮತ್ತು ಸಂಶೋಧನೆ ಎರಡನ್ನೂ ಒಟ್ಟಿಗೆ ಓದುತ್ತಿದ್ದ ಹುಡುಗ. ಯೇಲಿನಲ್ಲಿಯೇ ಕೀಲುಬೇನೆಗಳ ವೈದ್ಯರಾಗಿದ್ದ ಜಾನ್ ಹಾರ್ಡಿನ್ ಅವರಿಂದ ಲೂಪಸ್ ರೋಗಿಗಳ ಸೀರಂ ದೊರೆಯಿತು.

ಪ್ರಯೋಗ ಹೇಳಲು ಸುಲಭ. ಇಲಿಯ ಕೋಶಗಳಿಗೆ ವಿಕಿರಣ ಸೂಸುವ ರಂಜಕವನ್ನು ಉಣಿಸಿ, ಕೋಶಗಳನ್ನು ಒಡೆದು, ಆ ರಸಕ್ಕೆ ರೋಗಿಯ ಸೀರಂ ಬೆರೆಸಿದರು. ಪ್ರತಿಕಾಯಗಳು ತಮಗೆ ಬೇಕಾದುದನ್ನು ಹಿಡಿದುಕೊಂಡವು. ಹಿಡಿದುದನ್ನು ಕೆಳಗಿಳಿಸಿ, ಅದರಲ್ಲಿ ಆರ್.ಎನ್.ಎ. ಏನಾದರೂ ಇದೆಯೆ ಎಂದು ನೋಡಿದರು. ಎಸ್‌ಎಂ ಪ್ರತಿಕಾಯಗಳು ಹಿಡಿದು ತಂದದ್ದು ಯು-1, ಯು-2, ಯು-4, ಯು-5, ಯು-6 ಎಂಬ ಐದು ಗಿಡ್ಡ ಆರ್.ಎನ್.ಎ.ಗಳನ್ನು! ಲೂಪಸ್ಸಿನಲ್ಲಿ ಸಿಕ್ಕುವ ಇನ್ನೊಂದು ಬಗೆಯ ಪ್ರತಿಕಾಯ ಯು-1 ಒಂದನ್ನೇ ತಂದಿತು. ಹದಿಮೂರು ವರ್ಷ ಅರ್ಥವಾಗದಿದ್ದ ಎಸ್‌ಎಂ ಎಂಬುದು ಒಂದು ಪ್ರೋಟೀನುಗಳ ಗುಂಪು. ಹ್ಯೂಸ್ಟನ್ನಿನವರು ಓದಿಯೂ ಅರ್ಥವಾಗದಿದ್ದ ಯು ಆರ್.ಎನ್.ಎ.ಗಳು ಅದರ ತೆಕ್ಕೆಯಲ್ಲಿ ಕುಳಿತಿದ್ದವು. ಒಂದು ಒಗಟಿಗೆ ಇನ್ನೊಂದು ಒಗಟೇ ಉತ್ತರವಾಯಿತು. 1979ರಲ್ಲಿ ಇದು ಪ್ರಕಟವಾಯಿತು. ಆರ್.ಎನ್.ಎ.ಯೂ ಪ್ರೋಟೀನೂ ಸೇರಿದ ಈ ಕಣಗಳ ಶಾಸ್ತ್ರೀಯ ಹೆಸರು ಮೊಳದುದ್ದ. 'ಸ್ನರ್ಪ್' ಎಂದು ಚುಟುಕಾಗಿ ಕರೆದರು. ನಾನೂ ಅದನ್ನೇ ಬಳಸುತ್ತೇನೆ.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ರೋಗಿ ಮನುಷ್ಯ, ಕೋಶ ಇಲಿಯದು. ಮನುಷ್ಯನ ಪ್ರತಿಕಾಯ ಇಲಿಯ ಸ್ನರ್ಪನ್ನು ಹಿಡಿಯಿತೆಂದರೆ ಎರಡರ ಸ್ನರ್ಪ್‌ಗಳಿಗೂ ಹೆಚ್ಚಿನ ಭೇದವಿಲ್ಲವೆಂದಾಯಿತು. ನೊಣಗಳಂಥ ಕೀಟಗಳಲ್ಲಿಯೂ ಅವು ಇದ್ದವು. ಕೋಟ್ಯಂತರ ವರ್ಷ ಬದಲಾಗದೆ ಉಳಿದುಬಂದ ವಸ್ತು ಕೆಲಸವಿಲ್ಲದ್ದಾಗಿರಲಾರದು. ಹಾಗಾದರೆ ಕೆಲಸವೇನು? ಯು-1ರ ಮೊದಲ ಕೆಲವು ಅಕ್ಷರಗಳನ್ನು ಇಂಟ್ರಾನ್ ಆರಂಭವಾಗುವ ಜಾಗದ ಅಕ್ಷರಗಳ ಪಕ್ಕದಲ್ಲಿಟ್ಟು ನೋಡಿದಾಗ, ಬೀಗಕ್ಕೆ ಕೀಲಿಕೈಯಂತೆ ಒಂದಕ್ಕೊಂದು ಕೂಡಿಕೊಂಡವು. ಓಲೆಯ ಪ್ರಕ್ಷಿಪ್ತವನ್ನು ಗುರುತಿಸುವ ಪಳಗಿದ ಕಣ್ಣು ಸ್ನರ್ಪೇ ಇರಬೇಕೆಂದು 1980ರ ಜನವರಿಯಲ್ಲಿ ಲರ್ನರ್, ಸ್ಟೈಟ್ಜ್ ಮತ್ತು ಸಂಗಡಿಗರು ಸೂಚಿಸಿದರು. ಅದೇ ವರ್ಷ ರಾಜರ್ಸ್ ಮತ್ತು ವಾಲ್ ಎಂಬವರೂ ಸ್ವತಂತ್ರವಾಗಿ ಅದೇ ಮಾತನ್ನು ಹೇಳಿದರು.

ಸೂಚನೆ ಬೇರೆ, ಸಾಕ್ಷಿ ಬೇರೆ. ಸಾಕ್ಷಿ ಹೇಳಿದ್ದೂ ಆ ರೋಗಿಗಳ ರಕ್ತವೇ. ಕತ್ತರಿ-ಬೆಸುಗೆ ನಡೆಯುತ್ತಿರುವ ಕೋಶಕೇಂದ್ರಗಳಿಗೆ ಲೂಪಸ್ ಪ್ರತಿಕಾಯ ಸೇರಿಸಿದರೆ ಕೆಲಸ ನಿಲ್ಲುತ್ತದೆಂದು 1981ರಲ್ಲಿ ಕಂಡುಬಂತು. 1983ರಲ್ಲಿ ಗಾಜಿನ ಕೊಳವೆಯಲ್ಲಿಯೂ ಅದು ದೃಢಪಟ್ಟಿತು. ಸ್ನರ್ಪಿನ ಕೈ ಕಟ್ಟಿದರೆ ಕತ್ತರಿ ಆಡುವುದಿಲ್ಲ. ಐದು ಸ್ನರ್ಪ್‌ಗಳೂ ನೂರಕ್ಕೂ ಹೆಚ್ಚು ಪ್ರೋಟೀನುಗಳೂ ಕೂಡಿ ಆಗುವ ಈ ಯಂತ್ರಕ್ಕೆ 'ಸ್ಪ್ಲೈಸೋಸೋಮ್' ಎಂಬ ಹೆಸರು 1985ರ ಹೊತ್ತಿಗೆ ನಿಂತಿತು. ಪ್ರತಿಯೊಂದು ಓಲೆಗೂ ಯಂತ್ರ ಹೊಸದಾಗಿ ಕೂಡುತ್ತದೆ, ಕತ್ತರಿಸುತ್ತದೆ, ಬಿಚ್ಚಿಕೊಳ್ಳುತ್ತದೆ. ಅದರ ಅಣುರಚನೆಯನ್ನು ಸ್ಪಷ್ಟವಾಗಿ ಕಾಣಲು 2015ರ ವರೆಗೆ ಕಾಯಬೇಕಾಯಿತು. ಚೀನದ ಸಿಂಗ್ ಹುವಾ ವಿಶ್ವವಿದ್ಯಾಲಯದ ಯಿಗಾಂಗ್ ಷಿ ಬಳಗ ಆ ಚಿತ್ರವನ್ನು ಕೊಟ್ಟಿತು.

ಲೂಪಸ್ ರೋಗದಲ್ಲಿ ಸ್ನರ್ಪ್ ಕೆಟ್ಟಿಲ್ಲ. ಅದು ನಿರಪರಾಧಿ, ಸುಮ್ಮನೆ ಏಟು ತಿನ್ನುತ್ತದೆ, ಅಷ್ಟೆ. ಆದರೆ ಅದರ ಕೆಲಸವೇನೆಂದು ಗೊತ್ತಾದ ಮೇಲೆ, ಆ ಕೆಲಸ ಕೆಟ್ಟರೆ ಏನಾಗುವುದೆಂಬ ಪ್ರಶ್ನೆ ತಾನಾಗಿ ಎದ್ದಿತು. ಉತ್ತರ ಮೊದಲು ಸಿಕ್ಕಿದ್ದು ನಮ್ಮ ದೇಶಕ್ಕೆ ತೀರ ಹತ್ತಿರವಾದ ಒಂದು ರೋಗದಲ್ಲಿ.

ಅಮೆರಿಕದ ಡೆಟ್ರಾಯಿಟಿನಲ್ಲಿ ಥಾಮಸ್ ಕೂಲಿ ಎಂಬ ಮಕ್ಕಳ ವೈದ್ಯ 1925ರಲ್ಲಿ ಇಟಲಿ, ಗ್ರೀಸುಗಳಿಂದ ಬಂದವರ ಮಕ್ಕಳಲ್ಲಿ ಒಂದು ಘೋರವಾದ ರಕ್ತಹೀನತೆಯನ್ನು ವರ್ಣಿಸಿದ. ಮೆಡಿಟರೇನಿಯನ್ ಸಮುದ್ರದ ದಡದವರ ರೋಗವೆಂದು, ಗ್ರೀಕ್ ಭಾಷೆಯ ಸಮುದ್ರವಾಚಕ ಶಬ್ದದಿಂದ ಅದಕ್ಕೆ ಥಲಸ್ಸೀಮಿಯ ಎಂಬ ಹೆಸರು ಬಂತು. ಹೆಸರು ಸಮುದ್ರದ್ದಾದರೂ ರೋಗ ಅಲ್ಲಿಗೇ ನಿಲ್ಲಲಿಲ್ಲ. ಭಾರತದಲ್ಲಿ ವರ್ಷಕ್ಕೆ ಸುಮಾರು 10,000 ಮಕ್ಕಳು ಅದರ ಉಗ್ರರೂಪವನ್ನು ಹೊತ್ತು ಹುಟ್ಟುತ್ತಾರೆಂದು ಅಂದಾಜು. ಅವರಿಗೆ ಎರಡು ಮೂರು ವಾರಕ್ಕೊಮ್ಮೆ ಪರರ ರಕ್ತ ಬೇಕು. ಆ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣ ತೆಗೆಯಲು ಬೇರೆ ಔಷಧ ಬೇಕು.

ರಕ್ತಕ್ಕೆ ಕೆಂಪು ಕೊಡುವ ಹೀಮೊಗ್ಲೋಬಿನ್ನಿನ ಒಂದು ಭಾಗದ ಜೀನಿಗೆ ಬೀಟಾ-ಗ್ಲೋಬಿನ್ ಎಂದು ಹೆಸರು. ಅದರಲ್ಲಿ ಮೂರು ಎಕ್ಸಾನ್, ಎರಡು ಇಂಟ್ರಾನ್. ಮೊದಲ ಇಂಟ್ರಾನಿನ ಉದ್ದ 130 ಅಕ್ಷರ. 1981ರಲ್ಲಿ ಯೇಲಿನ ರಿಚರ್ಡ್ ಸ್ಪ್ರಿಟ್ಜ್, ಪಿ. ಜಗದೀಶ್ವರನ್ ಮತ್ತಿತರರು, ಹಾಗೆಯೇ ಲಂಡನ್ನಿನ ಇನ್ನೊಂದು ಬಳಗದವರು, ರೋಗಿಗಳ ಈ ಜೀನನ್ನು ಓದಿದಾಗ ಎಕ್ಸಾನುಗಳಲ್ಲಿ ತಪ್ಪೇ ಇರಲಿಲ್ಲ. ತಪ್ಪಿದ್ದುದು ಬಿಸಾಡಬೇಕಾದ ಇಂಟ್ರಾನಿನಲ್ಲಿ! ಅದರ 110ನೆಯ ಅಕ್ಷರ 'ಜಿ' ಇದ್ದುದು 'ಎ' ಆಗಿತ್ತು. ಕಳೆದುಹಾಕುವ ಭಾಗದಲ್ಲಿ ಕಾಗುಣಿತ ತಪ್ಪಿದರೆ ಯಾರಿಗೇನು ನಷ್ಟ? ನಷ್ಟ ಇಷ್ಟು: ಇಂಟ್ರಾನು 'ಎಜಿ' ಎಂಬ ಎರಡಕ್ಷರದಿಂದ ಮುಗಿಯಬೇಕೆಂಬುದು ಕಟ್ಟಳೆ. ಈ ತಪ್ಪಿನಿಂದ ನಿಜವಾದ ಕೊನೆಗೆ ಮೊದಲೇ ಒಂದು ಸುಳ್ಳು 'ಎಜಿ' ಹುಟ್ಟಿಕೊಂಡಿತು. ಯಂತ್ರ ಬಹುಪಾಲು ಓಲೆಗಳನ್ನು ಅಲ್ಲಿಯೇ ಕತ್ತರಿಸಿತು; 19 ಅಕ್ಷರ ಹೆಚ್ಚಾಗಿ ಉಳಿದವು; ಮುಂದಿನ ಅರ್ಥವೆಲ್ಲ ಹಾಳಾಯಿತು.

ನಮ್ಮ ದೇಶದಲ್ಲಿ ಅತಿ ಹೆಚ್ಚಾಗಿ ಕಾಣುವ ಥಲಸ್ಸೀಮಿಯದ ತಪ್ಪು ಇನ್ನೊಂದು. ಅದೇ ಇಂಟ್ರಾನಿನ ಆರಂಭದಿಂದ ಐದನೆಯ ಅಕ್ಷರ 'ಜಿ' ಇರಬೇಕಾದಲ್ಲಿ 'ಸಿ' ಇರುವುದು. ಆ ಐದನೆಯ ಅಕ್ಷರ ಯು-1 ಸ್ನರ್ಪು ಬಂದು ಹಿಡಿಯುವ ಜಾಗದೊಳಗಿನದು. ಬೀಗದ ಒಂದು ಹಲ್ಲು ಸವೆದರೆ ಕೀಲಿಕೈ ತಿರುಗದಂತೆ, ಯು-1ರ ಹಿಡಿತ ಸಡಿಲವಾಗುತ್ತದೆ. ಬಂಗಾಳ, ಅಸ್ಸಾಮುಗಳಲ್ಲಿ ಹೆಚ್ಚಾಗಿರುವ ಹೀಮೊಗ್ಲೋಬಿನ್-ಇ ಎಂಬುದರಲ್ಲಿಯೂ ಒಂದಕ್ಷರದ ಬದಲಾವಣೆ ಸುಳ್ಳು ಗುರುತೊಂದನ್ನು ಎಬ್ಬಿಸಿ ಕತ್ತರಿಯನ್ನು ದಾರಿತಪ್ಪಿಸುತ್ತದೆ. ರೋಗ ತರುವ ಒಂದಕ್ಷರದ ತಪ್ಪುಗಳಲ್ಲಿ ನೂರಕ್ಕೆ ಸುಮಾರು 15ರಷ್ಟು ಇಂಥ ಕತ್ತರಿಯ ಜಾಗಗಳಲ್ಲಿಯೇ ಇವೆಯೆಂದು 1992ರಲ್ಲಿ ಲೆಕ್ಕ ಹಾಕಿದರು.

ಇನ್ನು ಮೂರನೆಯ ಬಗೆ. ಥಲಸ್ಸೀಮಿಯದಲ್ಲಿ ಬರಹ ಕೆಟ್ಟಿದೆ, ಸಂಪಾದಕ ಸರಿಯಾಗಿದ್ದಾನೆ. ಸಂಪಾದಕನಿಗೇ ಆಪತ್ತು ಬಂದರೆ? 1890ರ ದಶಕದಲ್ಲಿ ಆಸ್ಟ್ರಿಯದ ಗೀಡೊ ವೆರ್ಡ್ನಿಗ್ ಮತ್ತು ಹೈಡಲ್‌ಬರ್ಗಿನ ಯೋಹಾನ್ ಹಾಫ್‌ಮನ್ ಎಂಬ ವೈದ್ಯರು ಒಂದು ಶಿಶುರೋಗವನ್ನು ವರ್ಣಿಸಿದರು. ಮಗು ಚುರುಕಾಗಿ ನೋಡುತ್ತದೆ, ನಗುತ್ತದೆ. ಆದರೆ ಕತ್ತು ನಿಲ್ಲುವುದಿಲ್ಲ, ಕೂರಲಾರದು, ಬರಬರುತ್ತ ಉಸಿರಾಡಲಾರದು. ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಸುಮಾರು 10,000 ಹುಟ್ಟುಗಳಿಗೆ ಒಂದರಂತೆ ಕಾಣುವ ಈ ರೋಗದ ಉಗ್ರರೂಪದಲ್ಲಿ, ಚಿಕಿತ್ಸೆಯಿಲ್ಲದ ಕಾಲದಲ್ಲಿ, ಬಹುತೇಕ ಮಕ್ಕಳು ಎರಡು ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು.

ನೂರು ವರ್ಷದ ಮೇಲೆ, 1995ರಲ್ಲಿ, ಪ್ಯಾರಿಸ್ಸಿನ ಜೂಡಿತ್ ಮೆಲ್ಕಿ ಮತ್ತು ಸಂಗಡಿಗರು ಇದಕ್ಕೆ ಕಾರಣವಾದ ಜೀನನ್ನು ಕಂಡುಹಿಡಿದರು. ಅದರಿಂದ ಹುಟ್ಟುವ ಪ್ರೋಟೀನಿಗೆ 'ಎಸ್.ಎಂ.ಎನ್.' ಎಂಬ ಹೆಸರು. ಈ ಅಕ್ಷರಗಳಿಗೂ ನಮ್ಮ ಹಳೆಯ ಎಸ್‌ಎಂಗೂ ಹೆಸರಿನಲ್ಲಿ ಸಂಬಂಧವಿಲ್ಲ. ಆದರೆ ಕೆಲಸದಲ್ಲಿ ಸಂಬಂಧವಿತ್ತು! ಏಳು ಎಸ್‌ಎಂ ಪ್ರೋಟೀನುಗಳು ಬಳೆಯಂತೆ ಸುತ್ತಿಕೊಂಡು ಯು ಆರ್.ಎನ್.ಎ.ಯನ್ನು ನಡುವೆ ಹಿಡಿದರೆ ಸ್ನರ್ಪ್ ಆಗುತ್ತದೆ. ಆ ಬಳೆಯನ್ನು ತೊಡಿಸುವ ಬಳೆಗಾರನೇ ಎಸ್.ಎಂ.ಎನ್. ಪ್ರೋಟೀನು ಎಂದು ಪೆನ್ಸಿಲ್ವೇನಿಯದ ಗಿಡಿಯನ್ ಡ್ರೇಫಸ್ ಮತ್ತು ಸಂಗಡಿಗರು 1996-97ರ ಸುಮಾರಿನಲ್ಲಿ ತೋರಿಸಿದರು. ನ್ಯೂಯಾರ್ಕಿನ ಆ ಯುವತಿಯ ರಕ್ತ ಹಿಡಿದುಕೊಟ್ಟ ವಸ್ತುವನ್ನು ಜೋಡಿಸುವವನು ಸಾಲದೆ ಹೋದದ್ದು ಈ ಮಕ್ಕಳ ರೋಗ.

ವಿಧಿಯ ಲೀಲೆ ಇಲ್ಲಿಗೆ ಮುಗಿಯಲಿಲ್ಲ. ಮನುಷ್ಯನಲ್ಲಿ ಈ ಜೀನಿಗೆ ಒಂದು ಅವಳಿ ಇದೆ. ಮೊದಲನೆಯದು ನಷ್ಟವಾದರೂ ಎರಡನೆಯದು ಮನೆ ನಡೆಸಬೇಕಾಗಿತ್ತು. ಆದರೆ ಅವಳಿಯ ಏಳನೆಯ ಎಕ್ಸಾನಿನಲ್ಲಿ 'ಸಿ' ಇರಬೇಕಾದಲ್ಲಿ 'ಟಿ' ಇದೆ. ಆ ಒಂದಕ್ಷರದಿಂದ ಯಂತ್ರವು ಏಳನೆಯ ಎಕ್ಸಾನನ್ನೇ ಪ್ರಕ್ಷಿಪ್ತವೆಂದು ಭ್ರಮಿಸಿ ಹೆಚ್ಚಿನ ಓಲೆಗಳಲ್ಲಿ ತೆಗೆದುಹಾಕುತ್ತದೆ. ಇದು 1999ರಲ್ಲಿ ತಿಳಿಯಿತು. ಎಂದರೆ, ಪ್ರತಿಯೊಬ್ಬ ರೋಗಿಯ ಮೈಯಲ್ಲಿಯೂ ಮದ್ದು ಬರೆದಿಟ್ಟಿದೆ; ಕತ್ತರಿಯ ತಪ್ಪಿನಿಂದ ಅದು ಓದಲಾಗದೆ ಹೋಗಿದೆ.

ಆ ತಪ್ಪನ್ನು ತಿದ್ದಬಹುದೆ? ಉರುಗ್ವೆ ದೇಶದಲ್ಲಿ ಹುಟ್ಟಿದ ಏಡ್ರಿಯನ್ ಕ್ರೈನರ್, ವಿದ್ಯಾರ್ಥಿಯಾಗಿದ್ದಾಗ 1984ರಲ್ಲಿ ಹಾರ್ವರ್ಡಿನಲ್ಲಿ ಬೀಟಾ-ಗ್ಲೋಬಿನ್ ಓಲೆಯ ಕತ್ತರಿ-ಬೆಸುಗೆಯನ್ನು ಗಾಜಿನ ಕೊಳವೆಯಲ್ಲಿ ಮಾಡಿ ತೋರಿಸಿದವರಲ್ಲಿ ಒಬ್ಬರು. ಅಂದು ಅವರ ಕಣ್ಣ ಮುಂದಿದ್ದುದು ಯಂತ್ರದ ಕೌತುಕ. ಮುಂದೆ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ, ಫ್ರಾಂಕ್ ಬೆನೆಟ್ ಮತ್ತು ಅವರ ಔಷಧ ಕಂಪನಿಯ ಜೊತೆ, ಈ ರೋಗಕ್ಕೆ ಕೈಹಾಕಿದರು. ಏಳನೆಯ ಎಕ್ಸಾನಿನ ಆಚೆ ಅದನ್ನು ಬಿಟ್ಟುಬಿಡುವಂತೆ ಪ್ರೇರಿಸುವ ಒಂದು ಜಾಗವಿದೆಯೆಂದು 2006ರಲ್ಲಿ ಮಸಾಚುಸೆಟ್ಸಿನ ರವೀಂದ್ರ ಸಿಂಗ್ ಮತ್ತು ಸಂಗಡಿಗರು ತೋರಿಸಿದ್ದರು. ಆ ಜಾಗಕ್ಕೆ ಸರಿಯಾಗಿ ಅಂಟುವ 18 ಅಕ್ಷರಗಳ ಒಂದು ಕೃತಕ ಪಟ್ಟಿ ತಯಾರಾಯಿತು. ಪಟ್ಟಿ ಅಂಟಿದರೆ ದುಷ್ಪ್ರೇರಣೆ ಮುಚ್ಚಿಹೋಗುತ್ತದೆ, ಯಂತ್ರ ಎಕ್ಸಾನನ್ನು ಉಳಿಸಿಕೊಳ್ಳುತ್ತದೆ. ಬೆನ್ನುಹುರಿಯ ದ್ರವಕ್ಕೆ ಚುಚ್ಚಿ ಕೊಡುವ ಈ ಮದ್ದಿನ ಹೆಸರು ನುಸಿನರ್ಸೆನ್. ಶಿಶುಗಳ ಪರೀಕ್ಷೆಯಲ್ಲಿ, ಮದ್ದು ಪಡೆದ 73 ಮಕ್ಕಳಲ್ಲಿ 37 ಮಕ್ಕಳು ಕತ್ತು ನಿಲ್ಲಿಸುವುದು, ಹೊರಳುವುದು, ಕೂರುವುದು ಮುಂತಾದವುಗಳಲ್ಲಿ ಮುಂದುವರಿದರು. ಮದ್ದಿಲ್ಲದ 37 ಮಕ್ಕಳಲ್ಲಿ ಒಬ್ಬರೂ ಇಲ್ಲ. 2016ರ ಡಿಸೆಂಬರ್ 23ರಂದು ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು.

ಕಥೆ ಇನ್ನೂ ಬೆಳೆಯುತ್ತಿದೆ. 2001ರಿಂದೀಚೆಗೆ, ಸ್ನರ್ಪ್‌ಗಳ ಕೆಲವು ಪ್ರೋಟೀನುಗಳು ಕೆಟ್ಟರೆ ಕಣ್ಣಿನ ಅಕ್ಷಿಪಟ ಸವೆದು ಇರುಳುಗುರುಡು ಹಿಡಿಯುತ್ತದೆಂದು ತಿಳಿದಿದೆ. 2011ರಲ್ಲಿ ಅಸ್ಥಿಮಜ್ಜೆಯ ಕೆಲವು ರೋಗಗಳಲ್ಲಿ ಯು-2ಕ್ಕೆ ಸೇರಿದ ಪ್ರೋಟೀನೊಂದರ ತಪ್ಪು ಸಿಕ್ಕಿತು. 2024ರಲ್ಲಿ, ಕೇವಲ 141 ಅಕ್ಷರಗಳಷ್ಟಿರುವ ಯು-4ರ ಒಂದು ಜೀನಿನಲ್ಲಿ ಅಕ್ಷರವೊಂದು ಹೆಚ್ಚಾಗಿ ಸೇರಿ, ಮಕ್ಕಳ ಬುದ್ಧಿ ಮತ್ತು ಮಾತು ಬೆಳೆಯದಂತೆ ಮಾಡುತ್ತದೆಂದು ಕಂಡುಬಂತು. ಕಾರಣ ತಿಳಿಯದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಎಷ್ಟೋ ತಾಯಿತಂದೆಯರಿಗೆ ಕೊನೆಗೆ ಒಂದು ಹೆಸರಾದರೂ ಸಿಕ್ಕಿತು.

ಇಷ್ಟನ್ನೂ ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿಯುವುದು ಋಣದ ಲೆಕ್ಕ. ನುಸಿನರ್ಸೆನ್ನಿಗೆ ಮೊದಲ ವರ್ಷಕ್ಕೆ 7,50,000 ಡಾಲರ್ ಬೆಲೆ ಕಟ್ಟಿದರು. ಮದ್ದನ್ನು ಕಂಡುಹಿಡಿದವರ ಶ್ರಮಕ್ಕೂ, ಹಣ ಹೂಡಿದವರ ಸಾಹಸಕ್ಕೂ ಬೆಲೆ ಇರಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಜಮೆಯಾಗಿರುವುದು ರೋಗಿಗಳ ರಕ್ತ. ಅವರು ಅದಕ್ಕೆ ಬೆಲೆ ಕೇಳಲಿಲ್ಲ. ನಂತರ ಬಂದ, ಬಾಯಲ್ಲಿ ಕುಡಿಸುವ ರಿಸ್ಡಿಪ್ಲಾಮ್ ಎಂಬ ಮದ್ದು ಭಾರತದಲ್ಲಿ ಸೀಸೆಗೆ ಆರು ಲಕ್ಷ ರೂಪಾಯಿಗೂ ಮೇಲಿತ್ತು. 2025ರಲ್ಲಿ ಹೈದರಾಬಾದಿನ ನ್ಯಾಟ್ಕೊ ಕಂಪನಿ ಅದನ್ನು ತಯಾರಿಸುವುದನ್ನು ತಡೆಯಲು ದೆಹಲಿಯ ಉಚ್ಚ ನ್ಯಾಯಾಲಯ ಒಪ್ಪಲಿಲ್ಲ; ಆ ಕಂಪನಿ ಘೋಷಿಸಿದ ಬೆಲೆ 15,900 ರೂಪಾಯಿ. ವಿರಳ ರೋಗಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂದು, ಮರುವರ್ಷ ಸಹಾಯದ ಮಿತಿ ರೋಗಿಗೆ 50 ಲಕ್ಷ ರೂಪಾಯಿಗೆ ಏರಿತು. ಅದರ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗಳೂ ಸೇರಿದವು. ಆಯುಷ್ಯವಿಡೀ ಬೇಕಾಗುವ ಮದ್ದಿಗೆ 50 ಲಕ್ಷ ದೊಡ್ಡದೂ ಹೌದು, ಸಣ್ಣದೂ ಹೌದು.

ಸರ್ಕಾರ, ಕಂಪನಿ, ನ್ಯಾಯಾಲಯಗಳ ಪಾಲು ಇರಲಿ. ನಮ್ಮ ಪಾಲಿನದೂ ಒಂದಿದೆ. ಥಲಸ್ಸೀಮಿಯವೂ ಬೆನ್ನುಹುರಿಯ ಆ ಶಿಶುರೋಗವೂ ತಾಯಿತಂದೆ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ತೋರುವಂಥವು. ಒಂದೇ ಕೆಟ್ಟ ಪ್ರತಿ ಇರುವವರು ಗಟ್ಟಿಮುಟ್ಟಾಗಿ ಬಾಳುತ್ತಾರೆ; ತಮ್ಮಲ್ಲಿ ಅದಿದೆಯೆಂದು ಅವರಿಗೆ ತಿಳಿದೇ ಇರುವುದಿಲ್ಲ. ಅಕ್ಕನ ಮಗಳನ್ನು ತರುವ, ಅತ್ತೆಯ ಮಗನಿಗೆ ಕೊಡುವ ಪದ್ಧತಿಯಿರುವ ನಮ್ಮ ಸೀಮೆಯಲ್ಲಿ, ಒಂದೇ ಮನೆತನದ ಎರಡು ಕೆಟ್ಟ ಪ್ರತಿಗಳು ಕೂಡುವ ಸಂಭವ ಹೆಚ್ಚು. ಲಗ್ನ ಗೊತ್ತುಮಾಡುವ ಮೊದಲು ನಾವು ಜಾತಕದಲ್ಲಿ ಮೂವತ್ತಾರು ಗುಣ ಎಣಿಸುತ್ತೇವೆ. ಥಲಸ್ಸೀಮಿಯದ ವಾಹಕರೇ ಎಂಬುದನ್ನು ತಿಳಿಸುವ ರಕ್ತಪರೀಕ್ಷೆಗೆ ಒಂದು ಬೆಳಗಿನ ಹೊತ್ತು ಸಾಕು. ಅದನ್ನು ಕೇಳಲು ಬಾಯಿ ಬರುವುದಿಲ್ಲ. ಕೇಳಿದರೆ ಹೆಣ್ಣಿನವರಿಗೆ ಅವಮಾನ, ಗಂಡಿನವರಿಗೆ ಕೋಪ. ಅವಮಾನ ಒಂದು ದಿನದ್ದು; ಎರಡು ವಾರಕ್ಕೊಮ್ಮೆ ಮಗುವಿನ ತೋಳಿಗೆ ಸೂಜಿ ಏರಿಸಬೇಕಾದ ಸಂಕಟ ಜನ್ಮವಿಡೀ ಇರುವಂಥದು. ತನ್ನ ರಕ್ತದಲ್ಲಿ ಏನಿದೆಯೆಂದು ನೋಡಲು ಒಬ್ಬಳು ಕೈನೀಡಿದ್ದರಿಂದ ಇಷ್ಟೆಲ್ಲ ತಿಳಿಯಿತು. ನಮ್ಮ ರಕ್ತದಲ್ಲಿ ಏನಿದೆಯೆಂದು ನೋಡಿಕೊಳ್ಳಲು ನಾವೂ ಕೈನೀಡಿದರೆ, ಆ ಎರಡಕ್ಷರದ ಋಣ ಒಂದಿಷ್ಟಾದರೂ ತೀರೀತು.